ಕಸೂತಿಯ ಹಿಂಬದಿ

ಆಂಟಾಪ್ ಹಿಲ್‌ನ ಕೇಂದ್ರ ಸರಕಾರಿ ವಸತಿಗೃಹಗಳಲ್ಲಿರುವ ಕನ್ನಡಿಗರಾದ ನಾವು ರಾಜ್ಯೋತ್ಸವದಂದು ಕಸೂತಿ ಸೀರೆಯನ್ನು ನಮ್ಮ ಸಂಸ್ಕೃತಿಯೆಂದು ಮೆರೆಸುತ್ತೇವೆ. ಅವುಗಳಲ್ಲಿ ಬಹುಪಾಲು ಯಂತ್ರದ ಹೊಲಿಗೆಯವು. ಸೆರಗನ್ನು ತಿರುವಿ ನೋಡಿದರೆ ಸಾಕು. ಧಾರವಾಡದ ಕಡೆಯ ಹೆಣ್ಣುಮಕ್ಕಳು ಬಟ್ಟೆಯ ಎಳೆ ಎಣಿಸುತ್ತ, ಗಂಟು ಹಾಕದೆ ತೆಗೆಯುವ ಗವಂತಿ ಹೊಲಿಗೆ ಎರಡೂ ಬದಿಗೆ ಒಂದೇ ರೂಪದಲ್ಲಿರುತ್ತದೆ. ಯಂತ್ರದ ಕೆಲಸದಲ್ಲಿ ಸಾಮಾನ್ಯವಾಗಿ ಆ ಹಿಂಬದಿ ಕಾಣುವುದಿಲ್ಲ.

ನಮ್ಮ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಪ್ಯಾಲೆಸ್ತೀನಿನ ಕಸೂತಿಯಾದ ತತ್ರೀಜ್ ಅನ್ನು ಯುನೆಸ್ಕೊ 2021ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ 1948ರಲ್ಲಿ ಊರು ಕಳೆದುಕೊಂಡ ಅಲ್ಲಿನ ಹೆಂಗಸರು ಶಿಬಿರಗಳಲ್ಲಿ ಸೂಜಿ ಹಿಡಿದು ಸಂಸಾರ ಸಾಕಿದ್ದು ಪಟ್ಟಿಯ ಬಲದಿಂದಲ್ಲ, ಕೊಳ್ಳುವವರಿದ್ದುದರಿಂದ. ಕಲೆ ಉಳಿಯುವುದು ಕೂಲಿ ದೊರೆತಾಗಲೇ.

ಕೈಕೆಲಸ ದುಬಾರಿ ಎಂಬ ಮಾತು ನಮ್ಮಲ್ಲಿದೆ. ವರ್ಷಕ್ಕೆರಡು ಬಾರಿ ತುಟ್ಟಿಭತ್ಯೆಯ ಏರಿಕೆಗೆ ಕಾದು ಕುಳಿತಿರುವ ನಾವು, ಯಾವ ಭತ್ಯೆಯೂ ಇಲ್ಲದವಳ ವಾರಗಟ್ಟಲೆಯ ದುಡಿಮೆಗೆ ಚೌಕಾಶಿ ಮಾಡುವುದು ಯಾವ ನ್ಯಾಯ? ಮೂರು ಯಂತ್ರದ ಸೀರೆಗಳ ಬದಲು ಒಂದು ಕೈಕಸೂತಿಯ ಸೀರೆಯನ್ನು ಕೇಳಿದ ಬೆಲೆಗೆ ಕೊಳ್ಳೋಣ. ಅದಾಗದಿದ್ದರೆ, ಪರಂಪರೆಯ ಕುರಿತ ಭಾಷಣವನ್ನಾದರೂ ನಿಲ್ಲಿಸೋಣ.