ತುರುಗಾಹಿಯ ಕಾಯಕ ಮತ್ತು ಕಾವಲಿನ ಮರ

ಕಲ್ಯಾಣದ ಶರಣ ಸಮೂಹದಲ್ಲಿ ದನಗಳನ್ನು ಕಾಯುವುದನ್ನೇ ಕಾಯಕವಾಗಿ ಕೈಗೊಂಡವರು ತುರುಗಾಹಿ ರಾಮಣ್ಣನವರು. 'ಗೋಪತಿನಾಥ ವಿಶ್ವೇಶ್ವರಲಿಂಗ' ಎಂಬ ಅಂಕಿತದ ಅವರ ವಚನಗಳಲ್ಲಿ ದನಗಾಹಿಯ ಅನುಭವವೇ ಅನುಭಾವದ ಭಾಷೆಯಾಗಿದೆ. ಯಾವ ಮಾಸದಲ್ಲಿ ಎಲ್ಲಿ ಮೇವುಂಟು, ನಡುಹಗಲಿನಲ್ಲಿ ಎಲ್ಲಿ ನೆರಳುಂಟು, ಯಾವ ಹುಲ್ಲನ್ನು ಇನ್ನೂ ಮೇಯಿಸಲಾಗದು ಎಂಬುದನ್ನೆಲ್ಲ ಅರಿತವನಿಗೆ ಮಾತ್ರ ಒಲಿಯುವ ಕಾಯಕವದು. ಬಯಲುಸೀಮೆಯಲ್ಲಿ ಆ ಅರಿವಿಗೆ ಬೆಲೆಯೇ ಇಲ್ಲದಂತಾಗಿರುವುದು ವಿಷಾದದ ಸಂಗತಿ.

ಈ ಅರಿವು ಹಿಂದೆ ರಾಜ್ಯದ ವ್ಯವಸ್ಥೆಯಲ್ಲಿಯೇ ನೆಲೆಗೊಂಡಿತ್ತೆಂಬುದಕ್ಕೆ ಅಮೃತಮಹಲ್ ಕಾವಲುಗಳೇ ಸಾಕ್ಷಿ. ಮೈಸೂರು ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿತು. ಅದಕ್ಕೆ ಸೇರಿದ ಹುಲ್ಲುಗಾವಲುಗಳನ್ನು ಮಳೆಗಾಲದ, ಚಳಿಗಾಲದ ಹಾಗೂ ಬೇಸಿಗೆಯ ಕಾವಲುಗಳೆಂದು ವಿಂಗಡಿಸಿ, ಋತುವಿಗೆ ತಕ್ಕಂತೆ ದನಗಳನ್ನು ಒಂದರಿಂದ ಇನ್ನೊಂದಕ್ಕೆ ಹೊಡೆದುಕೊಂಡು ಹೋಗಲಾಗುತ್ತಿತ್ತು. ಬೇಸಿಗೆಯ ಕಾವಲುಗಳು ಬಹುಮಟ್ಟಿಗೆ ಕೆರೆಯಂಗಳಗಳು. ನೀರು ಇಂಗಿದ ಮೇಲೆ ಅಲ್ಲಿ ಹುಲ್ಲು ಚಿಗುರುತ್ತಿತ್ತು. ಉರಿಬಿಸಿಲಿನ ಹೊತ್ತು ಕಳೆಯಲು ಮರಗಳ ನೆರಳಿತ್ತು. ಎಲ್ಲಕ್ಕಿಂತ ಹೆಚ್ಚಿನ ಎಚ್ಚರದಿಂದ ಕಾಯಲ್ಪಡುತ್ತಿದ್ದವು ಈ ಬೇಸಿಗೆಯ ಕಾವಲುಗಳೇ.

ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಮೀರಿದ್ದ ಕಾವಲುಗಳಲ್ಲಿ ಈಗ ಉಳಿದಿರುವುದು ಅಲ್ಪಭಾಗ. ಚಳ್ಳಕೆರೆ ತಾಲ್ಲೂಕಿನಲ್ಲಿಯೇ 2010ರ ಆಸುಪಾಸಿನಲ್ಲಿ ಸಾವಿರಾರು ಎಕರೆ ಕಾವಲು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಕುರಿ ಸಾಕಿ ಕಂಬಳಿ ನೇಯ್ದು ಬದುಕುತ್ತಿದ್ದ ಸುತ್ತಲಿನ ಹಳ್ಳಿಗಳ ಜನರಿಗೆ ಅದು ಮೇವಿನ ನೆಲವಾಗಿತ್ತು. ಕಡತಗಳ ಕಣ್ಣಿಗೆ ಹುಲ್ಲುಗಾವಲು ಬರೀ ಖಾಲಿ ಜಾಗ. ವಿಚಿತ್ರವೆಂದರೆ, ಪರಿಸರದ ಕಾಳಜಿಯುಳ್ಳವರೂ ಎಷ್ಟೋ ವೇಳೆ ಹಾಗೆಯೇ ಕಾಣುತ್ತಾರೆ. ಖಾಲಿ ಜಾಗವೆಂದರೆ ಗುಂಡಿ ತೋಡಿ ಒತ್ತೊತ್ತಾಗಿ ಸಸಿ ನೆಡುವುದು, ಬೇಲಿ ಹಾಕಿ ದನಕುರಿಗಳನ್ನು ಹೊರಗಟ್ಟುವುದು. ದಟ್ಟ ನೆರಳಿನ ಕೆಳಗೆ ಹುಲ್ಲು ಸಾಯುತ್ತದೆ. ಹುಲ್ಲನ್ನು ನಂಬಿದ ಕೃಷ್ಣಮೃಗಕ್ಕೂ ಕುರಿಗೂ ಒಟ್ಟಿಗೇ ನೆಲೆ ತಪ್ಪುತ್ತದೆ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಹವಾಮಾನ ಬದಲಾದಂತೆ ಮಳೆ ಕೆಲವೇ ದಿನಗಳಲ್ಲಿ ರಭಸದಿಂದ ಸುರಿದು, ನಡುವಿನ ಒಣ ಅವಧಿ ದೀರ್ಘವಾಗುವ ಸಂಭವ ಹೆಚ್ಚು. ಮೇಲ್ಮಣ್ಣಿನ ತೇವವನ್ನೇ ನಂಬಿದ ಹುಲ್ಲು ಆಗ ಬೇಗನೆ ಬಾಡುತ್ತದೆ. ಆಳಕ್ಕೆ ಬೇರಿಳಿಸಿದ ಮರ ಮಾತ್ರ ಹಸಿರಾಗಿರುತ್ತದೆ. ಕಮರದ ಸೊಪ್ಪು, ಬನ್ನಿಯ ಸೊಪ್ಪು, ಕರಿಜಾಲಿಯ ಕಾಯಿ ಇವೆಲ್ಲ ಹುಲ್ಲಿಲ್ಲದ ದಿನಗಳ ಮೇವು. ದೂರದೂರಕ್ಕೆ ಒಂದೊಂದರಂತೆ ಮರವಿದ್ದರೆ ಅದರ ತೆಳುನೆರಳಿನಲ್ಲಿ ತೇವ ಒಂದಿಷ್ಟು ಹೆಚ್ಚು ದಿನ ನಿಲ್ಲುತ್ತದೆ. ನೆರಳಿಗೆ ಬಂದ ದನದ ಸಗಣಿ ಆ ಮಣ್ಣಿಗೇ ಸೇರುತ್ತದೆ. ಬಿಸಿಲಿನ ತಾಪಕ್ಕೆ ಮೇವು ಬಿಡುವ, ಹಾಲು ಇಳಿಸುವ ಹಸುವಿಗೆ ಆ ನೆರಳೇ ಅರ್ಧ ಆಹಾರ.

ಆದರೆ ಎಲ್ಲ ಮರವೂ ಸಲ್ಲದು. ಹೊರದೇಶದಿಂದ ತಂದ ಬಳ್ಳಾರಿ ಜಾಲಿಯ ಕಾಯಿಯನ್ನು ತಿಂದ ದನಕುರಿಗಳೇ ಅದರ ಬೀಜವನ್ನು ಊರೂರಿಗೆ ಹರಡಿದವು. ಇಂದು ಅನೇಕ ಗೋಮಾಳಗಳು, ಕೆರೆಯಂಗಳಗಳು ಹೊಕ್ಕು ಹೊರಬರಲಾಗದ ಮುಳ್ಳಿನ ಪೊದೆಗಳಾಗಿವೆ. ಜಯಂತಿ, ಪುಣ್ಯಸ್ಮರಣೆಗಳಂದು ಸಸಿ ನೆಡಲು ಹೊರಡುವ ಸದ್ಭಕ್ತರು ಯಾವ ಸಸಿ, ಯಾವ ನೆಲ, ಎಷ್ಟು ಅಂತರ ಎಂಬುದನ್ನು ಮೊದಲು ಆ ಊರಿನ ಕುರಿಗಾಹಿಯನ್ನು ಕೇಳುವುದು ಒಳಿತು. ಛಾಯಾಚಿತ್ರಕ್ಕೆ ಸಾವಿರ ಸಸಿ ನೆಡುವುದಕ್ಕಿಂತ, ತಾನಾಗಿ ಹುಟ್ಟಿದ ಹತ್ತು ಬನ್ನಿ ಸಸಿಗಳಿಗೆ ಮುಳ್ಳು ಕಟ್ಟಿ ಉಳಿಸುವುದು ಮೇಲು.

ಉಳಿಸುವುದೇ ಇಲ್ಲಿ ಕಠಿಣವಾದ ಭಾಗ. ಆಡಿನ ಬಾಯಿಗೆ ಎಟುಕದಷ್ಟು ಸಸಿ ಬೆಳೆಯಲು ಕೆಲವು ವರ್ಷಗಳೇ ಬೇಕು. ಅಲ್ಲಿಯವರೆಗೆ ಆ ಭಾಗಕ್ಕೆ ಮೇಯಿಸಲು ಬಿಡಲಾಗದು. ಮೂವತ್ತು ಕುರಿಗಳನ್ನೇ ನಂಬಿದ ಕುಟುಂಬಕ್ಕೆ ಇದು ಸಣ್ಣ ತ್ಯಾಗವಲ್ಲ. ಇಡೀ ಕಾವಲಿಗೆ ಒಮ್ಮೆಲೇ ಬೇಲಿ ಹಾಕಿದರೆ ಅವರು ಕುರಿಗಳನ್ನು ಮಾರಿ ಗುಳೆ ಹೋಗುತ್ತಾರೆ, ಇಲ್ಲವೆ ರಾತ್ರಿ ಬೇಲಿ ಮುರಿಯುತ್ತಾರೆ. ಅವರನ್ನು ದೂರುವುದು ನ್ಯಾಯವಲ್ಲ. ಕಾವಲಿನ ಒಂದು ಭಾಗವನ್ನು ಮಾತ್ರ ಮುಚ್ಚಿ, ಉಳಿದುದನ್ನು ತೆರೆದಿಟ್ಟು, ಮುಚ್ಚಿದಲ್ಲಿಂದ ಹುಲ್ಲು ಕೊಯ್ದೊಯ್ಯುವ ಹಕ್ಕನ್ನು ಆ ಕುಟುಂಬಗಳಿಗೇ ಕೊಡಬೇಕು. ಯಾವ ಭಾಗ ಮೊದಲು ಎಂಬ ತೀರ್ಮಾನವೂ ಕುರಿ ಕಾಯುವವರದೇ ಆಗಬೇಕು. ಹುಲ್ಲು ಬೀಜ ಕಟ್ಟಿ ಉದುರಿಸುವವರೆಗೆ ಕಾದು, ಅನಂತರ ಮಂದೆಯನ್ನು ಬಿಡುವ ಕಟ್ಟಳೆಯನ್ನು ಅವರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.