ತೊಟ್ಟಿಲಲ್ಲಿ ಪಿಕ್ಸೆಲ್

ಹೋದ ತಿಂಗಳು ಚಾಮರಾಜಪೇಟೆಯ ನನ್ನ ತವರಿನಲ್ಲಿ ತಮ್ಮನ ಮಗಳ ನಾಮಕರಣ. ತಟ್ಟೆಯಲ್ಲಿ ಅಕ್ಕಿ ಹರವಿ, ಚಿನ್ನದುಂಗುರ ಕೈಗಿತ್ತು ಪುರೋಹಿತರು "ಹೆಸರು ಬರೆಯಪ್ಪಾ" ಎಂದರು. ನಮ್ಮ ತಮ್ಮರಾಯ ಬರೆದದ್ದೇನು ಗೊತ್ತೇ? "ಪಿಕ್ಸೆಲ್"! ಕಂಪ್ಯೂಟರ್ ಪರದೆಯ ಮೇಲೆ ಚಿತ್ರ ಮೂಡಿಸುವ ಕಣದಷ್ಟು ಚುಕ್ಕಿಗೆ ಹಾಗೆನ್ನುತ್ತಾರಂತೆ. ತಮ್ಮ ತಾಯಿಯ ಹೆಸರಿಡುತ್ತಾರೆಂದು ಒಂಬತ್ತು ತಿಂಗಳು ಆಸೆಪಟ್ಟಿದ್ದ ಅಮ್ಮ ಸೆರಗಿನಲ್ಲಿ ಕಣ್ಣೊರಸಿಕೊಂಡರು. ಊಟದ ಪಂಕ್ತಿಯಲ್ಲೂ ಅದೇ ಜಗಳ.

ನಗಬೇಡಿ. ಬಿಡದಿ ಹತ್ತಿರದ ಭದ್ರಾಪುರದಲ್ಲಿ ಹಕ್ಕಿಪಿಕ್ಕಿ ಜನರಿದ್ದಾರೆ. ಗೂಗಲ್, ಕಾಫಿ, ಹೈಕೋರ್ಟ್, ಮೈಸೂರ್‌ಪಾಕ್ ಎಲ್ಲಾ ಅಲ್ಲಿನವರ ಹೆಸರುಗಳೇ! ಕಾಡಿನಲ್ಲಿ ಹಕ್ಕಿ ಹಿಡಿದು ಬಾಳುತ್ತಿದ್ದವರು ಅವರು. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಬೇಟೆ ನಿಂತಿತು; ಗಿಡಮೂಲಿಕೆ, ತಲೆಗೆಣ್ಣೆ ಮಾರುತ್ತ ಆಫ್ರಿಕಾದವರೆಗೂ ಹೋಗಿಬಂದರು. ಕಂಡದ್ದು, ಕೇಳಿದ್ದು, ಮೆಚ್ಚಿದ್ದು ಮಗುವಿನ ಹೆಸರಾಯಿತು. ಊರಲ್ಲೆಲ್ಲ ಅಂಥವೇ ಹೆಸರಿದ್ದರೆ ಆಡಿಕೊಳ್ಳುವವರು ಯಾರು ಹೇಳಿ? ನಮ್ಮ ಪಿಕ್ಸೆಲ್ ಮಾತ್ರ ತರಗತಿಯಲ್ಲಿ ಒಬ್ಬಳೇ ಆಗುತ್ತಾಳಲ್ಲ!

ಯಾದಗಿರಿ ಜಿಲ್ಲೆಯ ವಡಗೇರಾದ ಮನೆಯೊಂದರವರು ಜಾಣರು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ಮೇಲಿಳಿಯಿತಲ್ಲ, ಅದರ ಬೆನ್ನಿಗೇ ಎರಡು ಕೂಸುಗಳಿಗೆ ವಿಕ್ರಮ್, ಪ್ರಜ್ಞಾನ್ ಎಂದು ಹೆಸರಿಟ್ಟರು. ಯಂತ್ರದ ಹೆಸರೂ ಆಯಿತು, ಅಜ್ಜಿಯ ನಾಲಿಗೆಗೂ ಸಲೀಸು.

ಅಂದ ಹಾಗೆ, ನಾವು ಹುಷಾರಾಗಿದ್ದರೂ ಯಂತ್ರ ಬಿಡಬೇಕಲ್ಲ! ಸಿರಿ ಎಂಬುದು ನಮ್ಮ ಅಚ್ಚ ಕನ್ನಡದ ಹೆಸರು. 2011ರಲ್ಲಿ ಐಫೋನಿನೊಳಗೆ ಮಾತಾಡುವ ಸಿರಿ ಬಂದಳು ನೋಡಿ, ಅಂದಿನಿಂದ ಆ ಹೆಸರಿನ ಹುಡುಗಿಯರಿಗೆ "ಏ ಸಿರಿ, ಇವತ್ತು ಮಳೆ ಬರುತ್ತಾ?" ಎಂಬ ಕೀಟಲೆ ತಪ್ಪಿದ್ದಲ್ಲ.

ಇಂಥ ತಕರಾರು ನಿಮ್ಮ ಮನೆಯಲ್ಲೂ ಎದ್ದರೆ ಆತುರ ಬೇಡ. ಜನನವನ್ನು 21 ದಿನದೊಳಗೆ ನೋಂದಾಯಿಸಲೇಬೇಕು, ನಿಜ. ಆದರೆ ಹೆಸರಿನ ಜಾಗ ಖಾಲಿ ಬಿಡಬಹುದು. ನೋಂದಣಿಯಾದ ಒಂದು ವರ್ಷದೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಆಮೇಲೂ ತಡದ ಶುಲ್ಕ ಕಟ್ಟಿ 15 ವರ್ಷದವರೆಗೆ ಸೇರಿಸಬಹುದು. ಒಮ್ಮೆ ಬರೆಸಿದ್ದನ್ನು ತಿದ್ದಿಸುವುದೇ ದೊಡ್ಡ ಅಲೆದಾಟ.

ಇಷ್ಟೆಲ್ಲ ಗಲಾಟೆಯಲ್ಲಿ ಹೆತ್ತವಳನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ಸುಳ್ಳೇಕೆ? ಸಂಜೆ ಮಗುವಿಗೆ ಬಜೆ ತೇಯುತ್ತ ನಾದಿನಿಯ ಬಳಿ ಕೂತಾಗ ಮೆಲ್ಲಗೆ ಅಂದಳು: "ರಾತ್ರಿ ಹಾಲು ಕುಡಿಸೋವಾಗ ನಾನು ಚುಕ್ಕಿ ಅಂತ್ಲೇ ಕರೀತಿದೀನಿ ಅತ್ತಿಗೆ. ತಿರುಗಿ ನೋಡ್ತಾಳೆ."

ಪಿಕ್ಸೆಲ್ ಅಂದರೂ ಚುಕ್ಕಿಯೇ ತಾನೇ! ತಮ್ಮನಿಗೆ ಹೇಳಿದೆ. "ಯೋಚನೆ ಮಾಡ್ತೀನಿ" ಎಂದಿದ್ದಾನೆ. ಅಮ್ಮ ಇನ್ನೂ ಒಪ್ಪಿಲ್ಲ. ಅರ್ಜಿಯಲ್ಲಿ ಹೆಸರಿನ ಜಾಗ ಖಾಲಿಯಾಗಿಯೇ ಇದೆ.