ಎಲೆ ಇಡುವ ಧೈರ್ಯ
ಗದಗ ಜಿಲ್ಲೆಯ ಬೆಳವಣಕಿ ಕಡೆ ದೀಪಾವಳಿಗೆ ಇಸ್ಪೀಟು ಹಾಕಿದಾಗ ಎಲೆ ಕೆಳಗಿಟ್ಟು ಪ್ಯಾಕ್ ಆದವನನ್ನು ಅಂಜುಬುರುಕ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪೋಕರಿನ ಲೆಕ್ಕ ನೋಡಿ: ಕೈಯಲ್ಲಿ ಎರಡು ಎಲೆ, ನೆಲದಲ್ಲಿ ನಾಲ್ಕು, ಆರರಲ್ಲಿ ನಾಲ್ಕು ಆಟೀನು, ಇನ್ನೊಂದು ಬಿದ್ದರೆ ಗೆಲುವು. ಕಾಣದ 46 ಎಲೆಗಳಲ್ಲಿ ಆಟೀನು 9, ಐದಕ್ಕೊಂದೂ ಇಲ್ಲ. ಎದುರಿನವನ ಪಣ ಸೇರಿ ನಡುವೆ 300 ರೂಪಾಯಿ, ನಾವು ಹಾಕಬೇಕಾದದ್ದು 100 ಎಂದರೆ ನಾಲ್ಕಕ್ಕೊಂದಾದರೂ ಗೆಲ್ಲಬೇಕು. ಮುಂದೆ ಅವನಿಂದ ಇನ್ನಷ್ಟು ಹಣ ಬರುವಂತಿಲ್ಲದಿದ್ದರೆ ಎಲೆ ಇಡುವುದೇ ಸರಿ. ‘ಇಷ್ಟು ಹಾಕೇನಲ್ಲ’ ಎಂಬ ಮಾತೇ ಮನೆ ಮುರಿಯುವುದು. ಹಾಕಿದ ಹಣ ಆಗಲೇ ನಮ್ಮದಲ್ಲ. ಆಟ ಬಿಟ್ಟು ಏಳಲಾಗದವರು ಹಿಂದೆಯೂ ಇದ್ದರು: ಇದೇ ಗದಗಿನ ವೀರನಾರಾಯಣನ ಅಂಕಿತದಲ್ಲಿ ಕುಮಾರವ್ಯಾಸ ಹಾಡಿದ ಭಾರತದ ಧರ್ಮರಾಯನಿಗೆ ಸೋತ ರಾಜ್ಯ ಮರಳಿ ಸಿಕ್ಕಿತ್ತು. ಆದರೂ ಕರೆ ಬಂದಾಗ ಮತ್ತೆ ಜೂಜಿಗೆ ಕೂತ, 12 ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸದ ಪಣಕ್ಕೆ.